ಗೃಹಸ್ಥವಿಚಾರ: ಪೈರಿನೊಳಗಣ ಹುಲ್ಲು

ಕಳೆದ ತಿಂಗಳು ನಮ್ಮ ಕೈಸೇರಿದ ಓಲೆಗಳಲ್ಲಿ ಹೆಚ್ಚಿನವು ಉಪನಯನದ ವೆಚ್ಚ, ಮಕ್ಕಳ ಕನ್ನಡಕ, ಉಪ್ಪಿನಕಾಯಿಗೆ ಹಿಡಿಯುವ ಬೂಷ್ಟು ಇವೇ ಮೊದಲಾದುವುಗಳನ್ನು ಕುರಿತವು. ಅವುಗಳಿಗೆ ಉತ್ತರವನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು, ಒಂದೇ ಒಂದು ಓಲೆಗೆ ಈ ಸಲದ ಪುಟಗಳೆಲ್ಲವನ್ನೂ ಮೀಸಲಿಡುತ್ತಿರುವೆವು. ವಾಚಕ ಮಹಾಶಯರು ಮನ್ನಿಸಬೇಕು. ಆ ಓಲೆಯು ಕಾಯುವಂತಹುದಲ್ಲ; ಗದ್ದೆಯಲ್ಲಿ ಹುಲ್ಲು ಬೆಳೆಯುತ್ತಲಿದೆ.

ಬರೆದವರು ತುಂಗಭದ್ರಾ ಕಾಲುವೆಯ ನೀರುಣ್ಣುವ ಒಂದು ಗ್ರಾಮದ ಗೃಹಿಣಿ. ಯಜಮಾನರು ತೀರಿಕೊಂಡ ಮೇಲೆ ಐದು ಎಕರೆ ಗದ್ದೆಯ ಬೇಸಾಯವನ್ನು ತಾವೇ ನಡೆಸುತ್ತಿರುವರು. ಹಿರಿಯ ಮಗನು ಸಹಾಯಕ್ಕಿರುವನು. ನಾಟಿಗೆ ಆಳುಗಳು ದೊರೆಯದುದರಿಂದ ನಾಲ್ಕು ವರ್ಷಗಳಿಂದ ಸಸಿಮಡಿ ಮಾಡುವುದನ್ನು ಬಿಟ್ಟು, ಭತ್ತವನ್ನು ನೇರವಾಗಿ ಗದ್ದೆಗೇ ಬಿತ್ತುತ್ತಿರುವರಂತೆ. ಬಿತ್ತಿದ ಇಪ್ಪತ್ತನೆಯ ದಿನದ ಸುಮಾರಿಗೆ ಬಿಸ್ಪೈರಿಬ್ಯಾಕ್ ಸೋಡಿಯಂ ಎಂಬ ಕಳೆನಾಶಕವನ್ನು ಸಿಂಪಡಿಸುವುದು ವಾಡಿಕೆ. ಮೊದಲನೆಯ ವರ್ಷ ಗದ್ದೆಯು ಗುಡಿಸಿದ ಅಂಗಳದಂತೆ ಶುಭ್ರವಾಯಿತು. ಎರಡನೆಯ ವರ್ಷದಲ್ಲಿಯೂ ಮೂರನೆಯ ವರ್ಷದಲ್ಲಿಯೂ ಅಲ್ಲೊಂದು ಇಲ್ಲೊಂದು ಹುಲ್ಲು ಉಳಿಯಿತು. ಯಾರೂ ಅದನ್ನು ಲಕ್ಷ್ಯಕ್ಕೆ ತರಲಿಲ್ಲ. ಈ ವರ್ಷ ಎರಡು ಮಡಿಗಳಲ್ಲಿ, ಚಾಪೆ ಹಾಸಿದಷ್ಟು ಅಗಲದ ತುಂಡುಜಾಗಗಳಲ್ಲಿ, ಹುಲ್ಲು ದಟ್ಟವಾಗಿ ಎದ್ದು ಮೊಣಕಾಲಿಗೆ ಬಂದಿದೆ. ಔಷಧಿಯ ಅಂಗಡಿಯವರು ಒಂದೂವರೆ ಪಟ್ಟು ಹಾಕಿ ಇನ್ನೊಮ್ಮೆ ಹೊಡೆಯಿರೆಂದಿರುವರು. ಮಗನು ಎರಡು ಪಟ್ಟೇ ಹಾಕೋಣವೆನ್ನುವನು. "ನನಗೇಕೋ ಧೈರ್ಯ ಬಾರದು. ಹಣವೂ ಹೋಗಿ ಭತ್ತವೂ ಹೋದರೆ ಈ ವರ್ಷದ ಸಾಲವನ್ನು ತೀರಿಸುವುದೆಂತು? ತಾವು ತಿಳಿದವರು, ನಾಲ್ಕು ಮಾತು ಬರೆಯಬೇಕು" ಎಂದು ಓಲೆಯು ಮುಗಿದಿದೆ.

ತಿಳಿದವರೆಂಬ ಮಾತಿಗೆ ನಾವು ಅರ್ಹರಲ್ಲ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಂದ ಶಬ್ದರೂಪಗಳನ್ನು ಉರುಹೊಡೆಯಿಸಿದ ನಮಗೆ ಗದ್ದೆಯ ವಿಷಯದಲ್ಲಿ ಅಧಿಕಾರವೆಲ್ಲಿಯದು? ಆದರೆ ಈ ತಾಯಿಯ ಗದ್ದೆಯಲ್ಲಿ ಈಗ ಮೊದಲ ಪುಟ ತೆರೆದಿರುವ ಕಥೆಯ ಮುಂದಿನ ಅಧ್ಯಾಯಗಳನ್ನು ನಾವು ಬೇರೊಂದು ಸೀಮೆಯಲ್ಲಿ ಕೇಳಿ, ಆ ಬಳಿಕ ಪುಸ್ತಕಗಳಲ್ಲಿ ಓದಿರುವೆವು. ಅಲ್ಲಿಯ ಧಾನ್ಯ ಗೋಧಿ, ಇಲ್ಲಿಯದು ಭತ್ತ; ಅಲ್ಲಿಯ ಹುಲ್ಲು ಬೇರೆ, ಔಷಧಿಯೂ ಬೇರೆ. ನಡೆದ ರೀತಿ ಮಾತ್ರ ಒಂದೇ ಆಗಿರಬಹುದೆಂದು ನಮಗೆ ಅಂಜಿಕೆ.

ಮೊದಲು ಕಷ್ಟವೆಲ್ಲಿದೆಯೆಂಬುದನ್ನು ತಿಳಿಯಬೇಕು. ಭತ್ತ, ಗೋಧಿ, ರಾಗಿ, ಜೋಳ ಇವೆಲ್ಲವೂ ಹುಲ್ಲಿನ ಕುಲಕ್ಕೆ ಸೇರಿದವು. ಹೊಲದಲ್ಲಿ ಏಳುವ ಕಳೆಯು ಅಗಲವಾದ ಎಲೆಯ ಗಿಡವಾಗಿದ್ದರೆ ಅದಕ್ಕೂ ಪೈರಿಗೂ ಶರೀರಧರ್ಮದಲ್ಲಿ ಬಹಳ ಅಂತರವಿರುವುದು. ಒಂದನ್ನು ಕೊಂದು ಇನ್ನೊಂದನ್ನು ಉಳಿಸುವ ಔಷಧಿಯನ್ನು ಕಂಡುಹಿಡಿಯುವುದು ಅಷ್ಟು ದುಸ್ಸಾಧ್ಯವಲ್ಲ. 1945ರ ಸುಮಾರಿಗೆ ಮಾರಾಟಕ್ಕೆ ಬಂದ 2,4-ಡಿ ಎಂಬ ಔಷಧಿಯು ಈ ಬಗೆಯದು. ಅದು ಅಗಲೆಲೆಯ ಗಿಡಗಳನ್ನು ತಿರುಚಿ ಕೊಲ್ಲುವುದು; ಧಾನ್ಯದ ಪೈರಿಗೆ ತಕ್ಕ ಕಾಲದಲ್ಲಿ ಹಾಕಿದರೆ ಕೇಡಿಲ್ಲ. ಆದರೆ ಅಗಲೆಲೆಯ ಗಿಡಗಳು ತೊಲಗಿದ ಕಡೆಯಲ್ಲೆಲ್ಲ ಹುಲ್ಲುಗಳಿಗೆ ಅವಕಾಶವು ಹೆಚ್ಚಿತು. ಪೈರೂ ಹುಲ್ಲು, ಕಳೆಯೂ ಹುಲ್ಲು. ದಾಯಾದಿಗಳ ವ್ಯಾಜ್ಯದಲ್ಲಿ ನ್ಯಾಯ ಹೇಳುವಷ್ಟೇ ಕಷ್ಟ.

ಇಲ್ಲಿ ಒಂದು ಶಬ್ದವಿಚಾರವನ್ನು ಹೇಳದಿರಲು ನಮ್ಮಿಂದಾಗದು. ಫಲವು ಪಕ್ವವಾದೊಡನೆ ಯಾವ ಗಿಡದ ಆಯುಷ್ಯವು ಮುಗಿಯುವುದೋ ಅದನ್ನು ಅಮರಸಿಂಹನು 'ಓಷಧಿ' ಎಂದು ಕರೆದಿರುವನು. ಆ ಲಕ್ಷಣದಂತೆ ಭತ್ತವೂ ಓಷಧಿ, ಗೋಧಿಯೂ ಓಷಧಿ, ಅವುಗಳ ನಡುವೆ ನಿಂತ ವರ್ಷಾಯುವಾದ ಹುಲ್ಲೂ ಓಷಧಿಯೇ. ಓಷಧಿಯಿಂದ ಆದುದು ಔಷಧ. ಈಗ ಓಷಧಿಯನ್ನು ಕೊಲ್ಲುವ ವಿಷಕ್ಕೆ ಊರಿನವರೆಲ್ಲರೂ 'ಔಷಧಿ' ಎನ್ನುವೆವು. ಹೆಸರು ಹಿತವಾಗಿರುವುದರಿಂದಲೇ ಇನ್ನೊಂದು ಚಮಚ ಹಾಕಿದರೆ ಇನ್ನಷ್ಟು ಒಳ್ಳೆಯದೆಂಬ ಬುದ್ಧಿಯು ಹುಟ್ಟುವುದೋ ಏನೋ! ಇರಲಿ.

ಕೆಲವು ವರ್ಷಗಳ ಹಿಂದೆ ನಮ್ಮ ಅಳಿಯಂದಿರು ಉದ್ಯೋಗನಿಮಿತ್ತವಾಗಿ ಹರಿಯಾಣಾ ಪ್ರಾಂತದ ಕರ್ನಾಲಿನಲ್ಲಿದ್ದರು. ಮಗಳ ಬಾಣಂತನಕ್ಕೆಂದು ಹೋದ ನಾವು ಒಂದು ಚಳಿಗಾಲವನ್ನು ಅಲ್ಲಿಯೇ ಕಳೆದೆವು. ಬೆಳಗಿನ ಮಂಜು ಕರಗಿದ ಮೇಲೆ ಊರ ಹೊರಗೆ ನಡೆದಾಡುವುದು ನಮ್ಮ ಅಭ್ಯಾಸ. ಕಣ್ಣು ಹರಿಯುವಷ್ಟು ದೂರವೂ ಗೋಧಿ. ಒಂದು ಕೊಳವೆಬಾವಿಯ ಬಳಿಯಲ್ಲಿ ಬಿಸಿಲು ಕಾಯಿಸುತ್ತಿದ್ದ ವೃದ್ಧ ರೈತರೊಬ್ಬರ ಪರಿಚಯವಾಯಿತು. ನಾವು ಉಪಾಧ್ಯಾಯರೆಂದು ತಿಳಿದ ದಿನದಿಂದ 'ಮಾಸ್ಟರ್‌ಜೀ' ಎಂದು ಕರೆದು, ಒಂದು ಲೋಟ ಚಹ ಕುಡಿಸದೆ ಕಳುಹಿಸುತ್ತಿರಲಿಲ್ಲ. ನಮ್ಮ ಹಿಂದಿಯು ಸಂಸ್ಕೃತದಂತೆಯೂ ಅವರ ಹಿಂದಿಯು ಗುಡುಗಿನಂತೆಯೂ ಇದ್ದರೂ ಸಂಭಾಷಣೆಗೆ ಕೊರತೆಯಾಗಲಿಲ್ಲ.

ಒಂದು ದಿನ ಅವರು ಗೋಧಿಯ ಸಾಲಿನಿಂದ ಒಂದು ಎಳೆಯ ಹುಲ್ಲನ್ನು ಕಿತ್ತು ನಮ್ಮ ಕೈಗಿತ್ತರು. ನಮ್ಮ ಕಣ್ಣಿಗೆ ಅದು ಗೋಧಿಯೇ. ಅವರು ನಕ್ಕು, ಬುಡವನ್ನು ಉಗುರಿನಿಂದ ಚಿವುಟಿ ತೋರಿಸಿದರು. ಬುಡದ ಬಣ್ಣ ನಸುಗೆಂಪು. ಗೋಧಿಯ ಬುಡ ಹಾಗಿರದು. ಈ ಹುಲ್ಲಿನ ಶಾಸ್ತ್ರೀಯ ನಾಮ ಫಲಾರಿಸ್ ಮೈನರ್. ಹರಿಯಾಣಾದಲ್ಲಿ ಇದನ್ನು ಮಂಡೂಸಿಯೆಂದೂ ಕನಕಿಯೆಂದೂ, ಪಂಜಾಬದಲ್ಲಿ ಗುಲ್ಲಿಡಂಡಾ ಎಂದೂ ಕರೆಯುವರು. ಗುಲ್ಲಿಡಂಡಾ ಎಂಬುದು ನಮ್ಮ ಚಿನ್ನಿದಾಂಡಿನ ಆಟಕ್ಕೆ ಅಲ್ಲಿರುವ ಹೆಸರು. ಹುಲ್ಲಿನ ತೆನೆಯನ್ನು ನೋಡಿದರೆ ಚಿನ್ನಿಯ ನೆನಪಾಗುವುದು ಸಹಜ.

1966ರಲ್ಲಿ ನಮ್ಮ ದೇಶವು ಮೆಕ್ಸಿಕೋ ದೇಶದಿಂದ 18,000 ಟನ್ ಗಿಡ್ಡಗೋಧಿಯ ಬೀಜವನ್ನು ತರಿಸಿತು. ಅದರೊಡನೆಯೇ ಈ ಹುಲ್ಲೂ ಬಂದಿತೆಂದು ಆ ಸೀಮೆಯ ಜನರು ಹೇಳುವರು. ಸಸ್ಯಶಾಸ್ತ್ರಜ್ಞರು ಅದಕ್ಕೂ ಬಹಳ ಮೊದಲೇ ಇದನ್ನು ಇಲ್ಲಿ ಕಂಡಿದ್ದರು. ಬಂದುದು ಎಂದೇ ಆಗಲಿ, ಬೆಳೆಯಲು ಅನುಕೂಲವಾದುದು ಆ ಬಳಿಕ. ಗೋಧಿಯು ಗಿಡ್ಡವಾದುದರಿಂದ ಹುಲ್ಲಿಗೆ ಬೀಳುತ್ತಿದ್ದ ನೆರಳು ಕಡಿಮೆಯಾಯಿತು. ನೀರೂ ಗೊಬ್ಬರವೂ ಹೆಚ್ಚಿದವು. ಮಳೆಗಾಲದಲ್ಲಿ ಭತ್ತ, ಚಳಿಗಾಲದಲ್ಲಿ ಗೋಧಿ, ಮತ್ತೆ ಭತ್ತ, ಮತ್ತೆ ಗೋಧಿ ಎಂಬ ಸರದಿಯು ವರ್ಷದಿಂದ ವರ್ಷಕ್ಕೆ ಬದಲಾಗದೆ ನಡೆಯಿತು. ಗೋಧಿಯ ಕೊಯ್ಲಿಗೆ ಮೊದಲೇ ಈ ಹುಲ್ಲು ಮಾಗಿ ಬೀಜವನ್ನು ನೆಲಕ್ಕೆ ಉದುರಿಸಿಬಿಡುವುದು.

ಆಗ ಬಂದಿತು ಐಸೊಪ್ರೋಟ್ಯೂರಾನ್ ಎಂಬ ಔಷಧಿ. 1980ರ ಈಚೆಗೆ ಅದು ಆ ಸೀಮೆಯಲ್ಲೆಲ್ಲ ಹಬ್ಬಿತು. ಬೆಲೆ ಅಗ್ಗ, ಹಾಕುವುದು ಸುಲಭ. ಹೆಕ್ಟೇರಿಗೆ ಸುಮಾರು ಒಂದು ಕಿಲೋಗ್ರಾಂ ಸತ್ತ್ವವು ಬಿದ್ದರೆ ಹುಲ್ಲು ಹಳದಿಯಾಗಿ ಒಣಗುವುದು, ಗೋಧಿ ಹಸುರಾಗಿಯೇ ನಿಲ್ಲುವುದು. ಹೆಚ್ಚುಕಡಿಮೆ ಹದಿನೈದು ವರ್ಷ ಜನರು ಅದೊಂದನ್ನೇ ನಂಬಿದರು. ಕೆಲವರು ಅದನ್ನು ನೀರಿನಲ್ಲಿ ಕಲಸಿ ಸಿಂಪಡಿಸುವ ಶ್ರಮವನ್ನೂ ಬಿಟ್ಟು, ಮರಳಿನೊಡನೆಯೋ ಯೂರಿಯಾ ಗೊಬ್ಬರದೊಡನೆಯೋ ಬೆರೆಸಿ ಕೈಯಿಂದ ಎರಚುತ್ತಿದ್ದರಂತೆ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಅರೆಬರೆ.

ಗೋಧಿಯು ಸಾಯದಿರುವುದಕ್ಕೆ ಕಾರಣವೇನು? ಈ ಔಷಧಿಯು ಎಲೆಯೊಳಗೆ ಬೆಳಕಿನಿಂದ ಆಹಾರವನ್ನು ಮಾಡಿಕೊಳ್ಳುವ ಕೆಲಸವನ್ನು ನಿಲ್ಲಿಸುವುದು. ಉಪಯೋಗಕ್ಕೆ ಬಾರದ ಬೆಳಕಿನ ಶಕ್ತಿಯೇ ಆಗ ಎಲೆಯನ್ನು ಸುಡುವುದು. ಗೋಧಿಗೂ ಅದು ವಿಷವೇ. ಆದರೆ ಗೋಧಿಯ ಶರೀರದಲ್ಲಿರುವ ಕೆಲವು ಕಿಣ್ವಗಳು ಆ ವಿಷವನ್ನು ಬೇಗನೆ ಒಡೆದು ನಿರುಪದ್ರವಿಯಾಗಿ ಮಾಡಿಬಿಡುವುವು. ಹುಲ್ಲಿಗೆ ಅಷ್ಟು ಚುರುಕಾದ ಜೀರ್ಣಶಕ್ತಿಯಿಲ್ಲ. ಪೈರಿಗೂ ಕಳೆಗೂ ಇದ್ದ ಭೇದ ಇಷ್ಟೇ.

ಇಲ್ವಲನ ಕಥೆಯನ್ನು ಬಲ್ಲವರಿಗೆ ಇದು ಹೊಸತಾಗಿ ಕಾಣದು. ಆ ಅಸುರನು ಬಂದ ಬ್ರಾಹ್ಮಣರಿಗೆಲ್ಲ ತಮ್ಮನಾದ ವಾತಾಪಿಯನ್ನು ಮೇಕೆಯಾಗಿ ಮಾಡಿ ಬಡಿಸುವನು. ಊಟವಾದ ಮೇಲೆ ಹೆಸರು ಹಿಡಿದು ಕೂಗುವನು. ವಾತಾಪಿಯು ಅತಿಥಿಯ ಹೊಟ್ಟೆಯನ್ನು ಸೀಳಿಕೊಂಡು ಬರುವನು. ಉಪಾಯವು ಎಷ್ಟು ಸಲ ಫಲಿಸಿತೋ ಅಷ್ಟೂ ಸಲ ಇಲ್ವಲನು ಅದನ್ನೇ ಮಾಡಿದನು. ಒಂದು ದಿನ ಅಗಸ್ತ್ಯರು ಬಂದರು, ಉಂಡರು, ಜೀರ್ಣಿಸಿಕೊಂಡರು. ಹುಲ್ಲಿನ ಕೋಟ್ಯಂತರ ಸಸಿಗಳಲ್ಲಿ ಎಲ್ಲಿಯೋ ಒಂದೆರಡಕ್ಕೆ ಹುಟ್ಟಿನಿಂದಲೇ ಜೀರ್ಣಶಕ್ತಿಯು ತುಸು ಹೆಚ್ಚಾಗಿರುವುದು. ಔಷಧಿಯು ಅವುಗಳಿಗೆ ಏನನ್ನೂ ಕಲಿಸುವುದಿಲ್ಲ. ಉಳಿದವನ್ನೆಲ್ಲ ಕೊಂದು ಅವುಗಳಿಗೆ ಜಾಗ ಮಾಡಿಕೊಡುವುದು, ಅಷ್ಟೆ. ಉಳಿದೊಂದು ಗಿಡವು ನೂರಾರು ಬೀಜಗಳನ್ನು ಉದುರಿಸುವುದು. ಮರುವರ್ಷ ಮತ್ತೆ ಅದೇ ಔಷಧಿ, ಮತ್ತೆ ಅದೇ ಜರಡಿ. ಹದಿನೈದು ವರ್ಷಗಳಲ್ಲಿ ಗದ್ದೆಯ ತುಂಬ ಅಗಸ್ತ್ಯರು.

1990ರ ಈಚೆಗೆ ಕೆಲವು ಊರುಗಳಲ್ಲಿ ಔಷಧಿಯು ಕೆಲಸ ಮಾಡುತ್ತಿಲ್ಲವೆಂಬ ದೂರು ಎದ್ದಿತು. ಅಂಗಡಿಯವರು ಕಲಬೆರಕೆ ಮಾಡಿರಬೇಕೆಂದು ಮೊದಲು ಎಲ್ಲರೂ ಎಣಿಸಿದರು. ಹಿಸಾರಿನ ಕೃಷಿ ವಿಶ್ವವಿದ್ಯಾನಿಲಯದ ಆರ್. ಕೆ. ಮಲಿಕ್ ಮತ್ತು ಸಮುಂದರ್ ಸಿಂಗ್ ಎಂಬ ವಿದ್ವಾಂಸರು ಹುಲ್ಲಿನ ಬೀಜಗಳನ್ನು ಪರೀಕ್ಷಿಸಿ, ದೋಷವು ಔಷಧಿಯಲ್ಲಿಲ್ಲ, ಹುಲ್ಲೇ ಬದಲಾಗಿದೆಯೆಂದು 1995ರಲ್ಲಿ ಪ್ರಕಟಿಸಿದರು. ಆ ವೇಳೆಗೆ ಹಾನಿಯು ಆಗಿಹೋಗಿದ್ದಿತು. ಮುಂದಿನ ಕೆಲವು ವರ್ಷಗಳಲ್ಲಿ ವಾಯವ್ಯ ಭಾರತದ ಎಂಟರಿಂದ ಹತ್ತು ಲಕ್ಷ ಹೆಕ್ಟೇರು ನೆಲಕ್ಕೆ ಈ ಪೀಡೆಯು ಹರಡಿತೆಂದು ಲೆಕ್ಕ ಹಾಕಿರುವರು.

ನಮ್ಮ ವೃದ್ಧಮಿತ್ರರು 1993-94ರ ಚಳಿಗಾಲದ ಮಾತನ್ನು ಹೇಳುವಾಗ ಗುಡುಗು ತಗ್ಗುತ್ತಿತ್ತು. ಆ ವರ್ಷ ಅವರ ಮನೆಯವರು ಮೊದಲು ನಿಯಮದಷ್ಟು ಹಾಕಿದರು, ಆಮೇಲೆ ಅದರ ಎರಡರಷ್ಟು ಹಾಕಿದರು. ಹುಲ್ಲು ಅಲುಗಲಿಲ್ಲ, ಗೋಧಿಯೇ ಬಾಡಿದಂತಾಯಿತು. ಫಾಲ್ಗುಣದ ಹೊತ್ತಿಗೆ ಹೊಲವು ಗೋಧಿಯ ಹೊಲವೋ ಹುಲ್ಲಿನ ಬೀಡೋ ತಿಳಿಯದಾಯಿತು. ಕಟ್ಟಕಡೆಗೆ ನಾಲ್ಕು ಎಕರೆಯ ಹಸಿ ಗೋಧಿಯನ್ನು ಹುಲ್ಲಿನ ಸಮೇತ ಕೊಯ್ದು ಎಮ್ಮೆಗಳಿಗೆ ಹಾಕಿದರು. "ಎಮ್ಮೆಗಳು ಆ ವರ್ಷ ಚೆನ್ನಾಗಿ ಉಂಡವು, ಮಾಸ್ಟರ್‌ಜೀ. ನಮ್ಮ ಮನೆಯವರು ಹಿಟ್ಟನ್ನು ಕೊಂಡು ತಂದರು" ಎಂದರು. ಗೋಧಿ ಬೆಳೆಯುವವನು ಹಿಟ್ಟು ಕೊಳ್ಳುವುದೆಂದರೆ ಆ ಸೀಮೆಯಲ್ಲಿ ಎಂತಹ ಅವಮಾನವೆಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. ಅವರೊಬ್ಬರೇ ಅಲ್ಲ, ಆ ವರ್ಷ ಹಲವರು ಹಾಗೆ ಹಸಿ ಪೈರನ್ನೇ ಮೇವಿಗಾಗಿ ಕೊಯ್ದ ಸಂಗತಿಯನ್ನು ನಾವು ಬಳಿಕ ಗ್ರಂಥಗಳಲ್ಲಿಯೂ ಕಂಡೆವು.

ಮುಂದೆ ಹೊಸ ಔಷಧಿಗಳು ಬಂದವು. 1997-98ರ ಸುಮಾರಿಗೆ ಕ್ಲೊಡಿನಾಫಾಪ್, ಫೆನಾಕ್ಸಾಪ್ರಾಪ್, ಸಲ್ಫೊಸಲ್ಫ್ಯೂರಾನ್ ಎಂಬುವನ್ನು ಶಿಫಾರಸು ಮಾಡಿದರು. ಹಿಂದಿನದು ಕಿಲೋಗ್ರಾಂ ಲೆಕ್ಕದಲ್ಲಿ ಬೇಕಾಗಿದ್ದರೆ ಕ್ಲೊಡಿನಾಫಾಪ್ ಹೆಕ್ಟೇರಿಗೆ 60 ಗ್ರಾಂ, ಸಲ್ಫೊಸಲ್ಫ್ಯೂರಾನ್ 25 ಗ್ರಾಂ ಸಾಕಾಗುವುದು. ಹೊಲಗಳು ಮತ್ತೆ ಶುಭ್ರವಾದವು. ಜನರು ಮತ್ತೆ ಒಂದೊಂದನ್ನೇ ನೆಚ್ಚಿದರು. ಹತ್ತು ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಅವುಗಳಿಗೂ ಜಗ್ಗದ ಮಂಡೂಸಿಯು ಕಾಣಿಸಿಕೊಂಡಿತು. ವಿಷವನ್ನು ಜೀರ್ಣಿಸಿಕೊಳ್ಳಬಲ್ಲ ಗಿಡವು ಒಂದು ವಿಷದಲ್ಲಿ ನಿಲ್ಲದೆ ಬೇರೆ ಜಾತಿಯ ವಿಷವನ್ನೂ ಅರಗಿಸಿಕೊಳ್ಳುವುದುಂಟು. ಇದೇ ಈ ವ್ಯಾಧಿಯ ಅತ್ಯಂತ ಭಯಂಕರವಾದ ಅಂಶ. ಇಂತಹುದು ನಮ್ಮ ದೇಶಕ್ಕೆ ಮಾತ್ರ ಬಂದುದೂ ಅಲ್ಲ. ಆಸ್ಟ್ರೇಲಿಯಾದ ಗೋಧಿಯ ಹೊಲಗಳಲ್ಲಿ ರೈಗ್ರಾಸ್ ಎಂಬ ಹುಲ್ಲು 1982ರಷ್ಟು ಹಿಂದೆಯೇ ಔಷಧಿಯನ್ನು ಗೆದ್ದಿತು.

ಹಾಗಾದರೆ ಕರ್ನಾಲಿನವರು ಈಗ ಗೋಧಿಯನ್ನು ಹೇಗೆ ಉಣ್ಣುತ್ತಿರುವರು? ನಮ್ಮ ಮಿತ್ರರ ಹೊಲದಲ್ಲಿ ಕಂಡುದನ್ನು ಹೇಳುವೆವು. ಮಂಡೂಸಿಯು ನೆಲವು ತಂಪಾದ ಮೇಲೆ ಹೆಚ್ಚಾಗಿ ಮೊಳೆಯುವುದು. ಆದುದರಿಂದ ಅವರು ಭತ್ತದ ಕೊಯ್ಲಾದ ಕೂಡಲೇ, ಅಕ್ಟೋಬರ್ ಕೊನೆಯಲ್ಲಿ, ನೆಲವನ್ನು ಉಳದೆ, ಕೂಳೆಯ ನಡುವೆಯೇ ಯಂತ್ರದ ಕೂರಿಗೆಯಿಂದ ಗೋಧಿಯನ್ನು ಬಿತ್ತುವರು. ಉಳದಿರುವುದರಿಂದ ಆಳದಲ್ಲಿ ಹುದುಗಿದ ಹುಲ್ಲಿನ ಸಣ್ಣ ಬೀಜವು ಮೇಲಕ್ಕೆ ಬಾರದು. ಬೇಗ ಬಿತ್ತಿದುದರಿಂದ ಹುಲ್ಲು ಕಣ್ಣು ಬಿಡುವ ವೇಳೆಗೆ ಗೋಧಿಯು ನೆಲವನ್ನು ಮುಚ್ಚಿರುವುದು. ಮೂರು ನಾಲ್ಕು ವರ್ಷಕ್ಕೊಮ್ಮೆ ಗೋಧಿಯನ್ನು ಬಿಟ್ಟು ಬರ್ಸೀಮ್ ಎಂಬ ಮೇವನ್ನು ಹಾಕುವರು. ಮೇವನ್ನು ಪದೇ ಪದೇ ಕೊಯ್ಯುವುದರಿಂದ ಅದರೊಡನೆ ಹುಲ್ಲೂ ತೆನೆ ಬಿಡುವ ಮೊದಲೇ ಕೊಯ್ದುಹೋಗುವುದು. ಇಷ್ಟರ ಮೇಲೆ ಔಷಧಿಯನ್ನೂ ಹಾಕುವರು, ಬಿಟ್ಟಿಲ್ಲ. ಆದರೆ ಅದೇ ಸರ್ವಸ್ವವಲ್ಲ. ಮಾಘದ ಬಿಸಿಲಿನಲ್ಲಿ ಅವರ ಸೊಸೆಯಂದಿರು ಉಳಿದ ಗಿಡಗಳನ್ನು ಕೈಯಿಂದ ಕೀಳುತ್ತಿದ್ದುದನ್ನು ಕಂಡೆವು.

ಈಗ ತುಂಗಭದ್ರೆಯ ತೀರಕ್ಕೆ ಬರೋಣ. ಈ ತಾಯಿಯ ಓಲೆಯಲ್ಲಿ ನಮ್ಮ ಮನಸ್ಸಿಗೆ ಚುಚ್ಚಿದ ಮಾತು 'ಚಾಪೆ ಹಾಸಿದಷ್ಟು ಅಗಲದ ತುಂಡುಜಾಗ' ಎಂಬುದು. ಗದ್ದೆಯಲ್ಲೆಲ್ಲ ಸಮನಾಗಿ ಹುಲ್ಲು ಉಳಿದಿದ್ದರೆ ಕಾಲ ತಪ್ಪಿತೆಂದೋ, ನೀರು ನಿಂತು ಎಲೆಗಳು ಮುಳುಗಿದ್ದವೆಂದೋ, ಔಷಧಿ ಹಳತೆಂದೋ ಊಹಿಸಬಹುದು. ಪಟ್ಟೆ ಪಟ್ಟೆಯಾಗಿ ಉಳಿದಿದ್ದರೆ ಸಿಂಪಡಿಸಿದವನ ನಡಿಗೆಯೋ ಯಂತ್ರದ ಮೂತಿಯೋ ತಪ್ಪಿದೆ. ಒಂದೇ ಜಾತಿಯ ಹುಲ್ಲು ಒಂದು ಜಾಗದಲ್ಲಿ ಸತ್ತು ಪಕ್ಕದಲ್ಲಿಯೇ ಬದುಕಿ, ಆ ಬದುಕಿದುದು ವರ್ಷದಿಂದ ವರ್ಷಕ್ಕೆ ವರ್ತುಲವಾಗಿ ಅಗಲವಾಗುತ್ತ ಬಂದಿದ್ದರೆ ಮಾತ್ರ, ಹಿಂದಿನ ವರ್ಷ ಅಲ್ಲೊಂದು ಇಲ್ಲೊಂದು ಉಳಿದ ಗಿಡದ ಸಂತಾನವೇ ಇದೆಂದು ಸಂಶಯಪಡಬೇಕು. ಇಲ್ಲಿ ಹಾಗೆಯೇ ಆಗಿದೆಯೆಂದು ದೂರದಲ್ಲಿ ಕುಳಿತ ನಾವು ತೀರ್ಮಾನ ಹೇಳಲಾರೆವು. ಸಂಶಯವೊಂದೇ ಸಾಕು, ಎರಡು ಪಟ್ಟಿನ ಮಾತನ್ನು ಕೈಬಿಡಲು.

ಆ ಔಷಧಿಯ ಅಳತೆಯು, ಶೇಕಡ 10ರ ದ್ರಾವಣವಾದರೆ, ಎಕರೆಗೆ 80ರಿಂದ 100 ಮಿಲಿಲೀಟರು. ಹುಲ್ಲು ಎರಡರಿಂದ ನಾಲ್ಕು ಎಲೆಯಷ್ಟಿರುವಾಗ, ನೀರನ್ನು ಬಸಿದು ಎಲೆಗಳನ್ನು ತೆರವು ಮಾಡಿ ಸಿಂಪಡಿಸಿ, ಎರಡು ಮೂರು ದಿನಗಳೊಳಗೆ ಮತ್ತೆ ನೀರು ಕಟ್ಟತಕ್ಕದ್ದು. ಮೊಣಕಾಲಿಗೆ ಬಂದು ತೆಂಡೆಯೊಡೆದ ಹುಲ್ಲು ಒಂದು ಪಟ್ಟಿಗೂ ಸಾಯದು, ಎರಡು ಪಟ್ಟಿಗೂ ಸಾಯದು. ಭತ್ತವು ಹಳದಿಯಾಗಿ ಕುಗ್ಗುವ ಭಯ ಮಾತ್ರ ಹೆಚ್ಚು. ಚಿರಂಜೀವಿ ಮಗನಿಗೆ ನಮ್ಮ ಹೆಸರಿನಲ್ಲಿ ಹೇಳಬಹುದು: ಆ ಹಣವನ್ನು ಕೂಲಿಗೆ ಕೊಡಲಿ. ಹುಲ್ಲು ತೆನೆ ಹಾಯುವ ಮೊದಲು, ಆ ಎರಡು ಮಡಿಗಳ ತುಂಡುಜಾಗಗಳನ್ನು ಕೈಯಿಂದ ಕೀಳಿಸತಕ್ಕದ್ದು. ಕಿತ್ತುದನ್ನು ಬದುವಿನ ಮೇಲೆಯೋ ಕಾಲುವೆಯಲ್ಲಿಯೋ ಎಸೆಯದೆ ಹೊರಗೆ ಒಯ್ದು ಹೂಳಬೇಕು. ಇಡೀ ಐದು ಎಕರೆಯ ಕಳೆಯಲ್ಲ, ನಾಲ್ಕಾರು ಚಾಪೆಯಷ್ಟು ಜಾಗ. ಈ ವರ್ಷ ಅಷ್ಟೇ ಇದೆ. ಅದನ್ನು ಬಿಟ್ಟರೆ ಮರುವರ್ಷ ಕೊಯ್ಲಿನ ಯಂತ್ರವು ಬೀಜವನ್ನು ಐದು ಎಕರೆಗೂ ಹರಡುವುದು, ನೆರೆಯವರ ಗದ್ದೆಗೂ ಒಯ್ಯುವುದು.

ಕೀಳುವಾಗ ಗುರುತು ತಿಳಿದಿರಬೇಕು. ಭತ್ತದ ಗದ್ದೆಯ ಮುಖ್ಯ ಹುಲ್ಲು ಊದಲಿನ ಜಾತಿಗೆ ಸೇರಿದುದು. ಎಳೆಯದರಲ್ಲಿ ಭತ್ತದ ಅವಳಿಯಂತೆ ಕಾಣುವುದು. ಎಲೆಯು ಕಾಂಡವನ್ನು ಅಪ್ಪಿಕೊಂಡಿರುವ ಸಂದಿಯನ್ನು ಬಿಡಿಸಿ ನೋಡಬೇಕು. ಭತ್ತಕ್ಕೆ ಅಲ್ಲಿ ನಾಲಗೆಯಂತಹ ತೆಳುವಾದ ಒಂದು ಪೊರೆ ಇರುವುದು. ಊದಲಿನ ಜಾತಿಯ ಹುಲ್ಲಿಗೆ ಆ ನಾಲಗೆಯಿಲ್ಲ. ಎಳೆಯ ಕಣ್ಣುಗಳು ಇದನ್ನು ಒಂದು ದಿನದಲ್ಲಿ ಕಲಿಯುವುವು. ಶಾಲೆಯ ಮಕ್ಕಳಿಗೆ ಕಲಿಸಿದರೆ ಇನ್ನೂ ಉತ್ತಮ.

ಕೈಗಳೆಯ ಮಾತೆತ್ತಿದೊಡನೆ ಹಿಂದಿನ ಕಾಲವೇ ಚೆನ್ನಾಗಿತ್ತೆಂದು ನಿಟ್ಟುಸಿರಿಡುವ ಮಹನೀಯರು ಕೆಲವರಿರುವರು. ನಾವು ಆ ಗುಂಪಿಗೆ ಸೇರಿದವರಲ್ಲ. ಹೊಲದ ಹುಲ್ಲನ್ನು ತೆಗೆಯದಿದ್ದರೆ ಫಲವಿಲ್ಲವೆಂದು ಕೃಷಿಪರಾಶರವೂ ಹೇಳಿದೆ. ಆದರೆ ಅದನ್ನು ಕಿತ್ತವರ ಸೊಂಟದ ನೋವನ್ನು ಯಾವ ಗ್ರಂಥಕಾರನೂ ಬರೆದುದನ್ನು ನಾವು ಓದಿಲ್ಲ. ಮೊಣಕಾಲುದ್ದದ ಕೆಸರಿನಲ್ಲಿ ದಿನವಿಡೀ ಬಗ್ಗಿದವರು ಬಹುಮಟ್ಟಿಗೆ ಸ್ತ್ರೀಯರು. ಔಷಧಿಯು ಆ ನೋವನ್ನು ಇಳಿಸಿದುದು ಸತ್ಯ. ಅದರೊಡನೆ ಕಳೆಯ ಕಾಲದಲ್ಲಿ ಅವರಿಗೆ ದೊರೆಯುತ್ತಿದ್ದ ಕೂಲಿಯನ್ನು ಇಳಿಸಿದುದೂ ಸತ್ಯ. ಈ ಎರಡು ಸತ್ಯಗಳಲ್ಲಿ ಒಂದನ್ನೇ ಹೇಳುವವರ ಮಾತನ್ನು ನಾವು ನಂಬುವುದಿಲ್ಲ.

ಮುಂದಿನ ವರ್ಷಕ್ಕೆ ಏನು ಮಾಡತಕ್ಕದ್ದೆಂಬುದು ಉಳಿದಿದೆ. ನಾಟಿಯ ಗದ್ದೆಯಲ್ಲಿ ಭತ್ತದ ಸಸಿಗೆ ಮೂರು ನಾಲ್ಕು ವಾರಗಳ ಜ್ಯೇಷ್ಠತ್ವವಿರುವುದು. ನಿಂತ ನೀರು ಹುಲ್ಲಿನ ಬೀಜವನ್ನು ಉಸಿರುಗಟ್ಟಿಸುವುದು. ನೇರವಾಗಿ ಬಿತ್ತಿದ ಗದ್ದೆಯಲ್ಲಿ ಇವೆರಡೂ ಇಲ್ಲ. ಹುಲ್ಲೂ ಭತ್ತವೂ ಒಂದೇ ದಿನ ಹುಟ್ಟಿದ ಅಣ್ಣತಮ್ಮಂದಿರು. ಆದುದರಿಂದ ಬಿತ್ತುವ ಮೊದಲೇ ಹುಲ್ಲನ್ನು ಮೋಸಗೊಳಿಸಬೇಕು. ನೆಲವನ್ನು ಹದಮಾಡಿ ನೀರು ಕೊಟ್ಟು ಹತ್ತು ಹದಿನೈದು ದಿನ ಬಿಟ್ಟರೆ ಮೇಲ್ಪದರದ ಬೀಜಗಳೆಲ್ಲ ಮೊಳೆಯುವುವು. ಆಗ ಮೇಲುಮೇಲಾಗಿ ಕುಂಟೆ ಹೊಡೆದು ಕೆಡಿಸಿ, ಬಳಿಕ ಭತ್ತವನ್ನು ಬಿತ್ತತಕ್ಕದ್ದು. ಎರಚುವುದರ ಬದಲು ಸಾಲಿನಲ್ಲಿ ಬಿತ್ತಿದರೆ ನಡುವೆ ಕಳೆ ತೆಗೆಯುವ ಸಲಕರಣೆಯನ್ನು ಓಡಿಸಲು ದಾರಿಯಿರುವುದು. ಮೈಸೂರು ಸೀಮೆಯ ರಾಗಿಯ ಒಕ್ಕಲಿಗರು ಕೂರಿಗೆಯಿಂದ ಸಾಲು ಹಿಡಿದು ಬಿತ್ತಿ, ಎಡೆಕುಂಟೆ ಹೊಡೆಯುವುದರ ಮರ್ಮವೂ ಇದೇ. ಸಾಧ್ಯವಾದರೆ ಆ ಎರಡು ಮಡಿಗಳನ್ನಾದರೂ ಒಂದು ವರ್ಷ ನಾಟಿ ಮಾಡಿಸಬೇಕು. ಎರಡನೆಯ ಬೆಳೆಗೆ ಭತ್ತವನ್ನು ಬಿಟ್ಟು ಉದ್ದೋ ಹೆಸರೋ ಹಾಕಬೇಕು.

ಔಷಧಿಯನ್ನು ಬದಲಾಯಿಸಬೇಕೆಂದರೆ ಡಬ್ಬಿಯ ಬಣ್ಣವನ್ನು ಬದಲಾಯಿಸುವುದೆಂದು ಅರ್ಥವಲ್ಲ. ಇದನ್ನು ಒತ್ತಿ ಹೇಳುವೆವು. ದೊಡ್ಡ ಅಕ್ಷರದ ವ್ಯಾಪಾರದ ಹೆಸರು ಹತ್ತಿರಬಹುದು. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುವ ಸತ್ತ್ವದ ಹೆಸರೇ ನಿಜವಾದ ಹೆಸರು. ಅದರಲ್ಲಿಯೂ ಒಂದು ತೊಡಕುಂಟು. ಬಿಸ್ಪೈರಿಬ್ಯಾಕ್ ಒಂದು, ಪೆನಾಕ್ಸ್‌ಸುಲಂ ಇನ್ನೊಂದು. ಹೆಸರು ಬೇರೆಯಾದರೂ ಇವೆರಡೂ ಗಿಡದಲ್ಲಿ ಹೊಡೆಯುವ ಮರ್ಮಸ್ಥಾನ ಒಂದೇ. ಗೋಧಿಯ ಸಲ್ಫೊಸಲ್ಫ್ಯೂರಾನ್ ಹೊಡೆಯುವುದೂ ಅಲ್ಲಿಯೇ. 2021ರಲ್ಲಿ ದೆಹಲಿಯ ಕೃಷಿಸಂಶೋಧನಾಲಯದವರು ನೇರ ಬಿತ್ತನೆಗೆಂದು ಹೊರತಂದ ಪೂಸಾ ಬಾಸ್ಮತಿ 1979 ಮತ್ತು 1985 ಎಂಬ ತಳಿಗಳು ಇಮಾಜೆಥಾಪೈರ್ ಎಂಬ ಔಷಧಿಯನ್ನು ತಾಳಿಕೊಳ್ಳುವುವು. ಆ ಔಷಧಿಯ ಗುರಿಯೂ ಅದೇ ಸ್ಥಾನ. ಇವುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಇಲ್ವಲನು ವಾತಾಪಿಗೆ ಬೇರೆ ಮಸಾಲೆ ಅರೆದಂತೆ. ಸೈಹಾಲೊಫಾಪ್ ಬೇರೆ ಸ್ಥಾನವನ್ನು ಹೊಡೆಯುವುದು. ಪೆಂಡಿಮೆಥಾಲಿನ್, ಪ್ರೆಟಿಲಾಕ್ಲೋರ್ ಇವು ಹುಲ್ಲು ಮೊಳೆಯುವಾಗಲೇ ಬೇರೆ ಬೇರೆ ರೀತಿಯಿಂದ ತಡೆಯುವುವು. ಯಾವುದನ್ನು ಯಾವ ನೆಲಕ್ಕೆ, ಎಷ್ಟನೆಯ ದಿನ ಎಂಬುದನ್ನು ಅಂಗಡಿಯಲ್ಲಿ ಕೇಳದೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳತಕ್ಕದ್ದು. ಮಾರುವವನು ಕೆಟ್ಟವನೆಂದಲ್ಲ, ಹೆಚ್ಚು ಹಾಕಬೇಡವೆನ್ನುವುದು ಅವನ ವೃತ್ತಿಧರ್ಮವಲ್ಲ.

ಡಬ್ಬಿಗಳನ್ನು ಅಡಿಗೆಯ ಮನೆಯ ಅಟ್ಟದಲ್ಲಿ ಇಡಬಾರದು, ಖಾಲಿಯಾದುದರಲ್ಲಿ ಎಣ್ಣೆ ತುಂಬಬಾರದು, ಗಾಳಿಗೆ ಎದುರಾಗಿ ಸಿಂಪಡಿಸಬಾರದು, ಬರಿಗೈಯಿಂದ ಕಲಸಬಾರದು. ಇದನ್ನು ಹಿಂದೆಯೂ ಬರೆದಿದ್ದೆವು, ಮತ್ತೆಯೂ ಬರೆಯುವೆವು.

ಕೊನೆಯದಾಗಿ, ಸಂಶಯವನ್ನು ಮನೆಯಲ್ಲಿಯೇ ಪರೀಕ್ಷಿಸಲು ಒಂದು ಉಪಾಯವಿದೆ. ಕೀಳಿಸುವಾಗ ಬದುಕಿದ ಹುಲ್ಲಿನ ನಾಲ್ಕು ಗಿಡಗಳನ್ನು ಬೇರುಸಹಿತ ಕುಂಡದಲ್ಲಿ ನೆಟ್ಟು, ಹಿತ್ತಿಲಲ್ಲಿ ತೆನೆ ಮಾಗುವವರೆಗೆ ಕಾದು ಬೀಜವನ್ನು ತೆಗೆದಿಡಲಿ; ಒಂದು ಕಾಳನ್ನೂ ನೆಲಕ್ಕೆ ಬೀಳಿಸಬಾರದು. ಎಂದೂ ಔಷಧಿಯನ್ನು ಕಾಣದ ಕೆರೆಯ ಅಂಚಿನಿಂದ ಅದೇ ಜಾತಿಯ ಹುಲ್ಲಿನ ಬೀಜವನ್ನೂ ತರಲಿ. ಬೇಸಗೆ ಕಳೆದ ಮೇಲೆ ಎರಡನ್ನೂ ಬೇರೆ ಬೇರೆ ಕುಂಡಗಳಲ್ಲಿ ಬಿತ್ತಿ, ಮೂರನೆಯ ಎಲೆ ಬಂದಾಗ ಒಂದೇ ದಿನ, ಒಂದೇ ಅಳತೆಯ ಔಷಧಿಯನ್ನು ಎರಡಕ್ಕೂ ಸಿಂಪಡಿಸಲಿ. ಮೂರು ವಾರಗಳ ಬಳಿಕ ಎರಡೂ ಸತ್ತಿದ್ದರೆ ತಪ್ಪು ಸಿಂಪಡಿಸಿದ ರೀತಿಯಲ್ಲಿದ್ದಿತು. ಕೆರೆಯಂಚಿನದು ಸತ್ತು ಗದ್ದೆಯದು ಹಸುರಾಗಿ ನಿಂತಿದ್ದರೆ, ಆ ಕುಂಡವನ್ನು ಮಗನ ಕೈಯಲ್ಲಿ ಕೊಟ್ಟು ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳುಹಿಸಲಿ. ನಮಗೂ ಒಂದು ಓಲೆ ಬರೆಯಲಿ.